ಚೀಲದ ಹಿಂಬದಿಯ ಸಣ್ಣ ಅಕ್ಷರ: ನಾಯಿ, ಬೆಕ್ಕಿನ ಆಹಾರದ ಲೇಬಲ್ ಓದುವ ಬಗೆ

ಕಲಬುರಗಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಲ್ಯಾಬ್ರಡಾರ್ ಮರಿಯೊಂದನ್ನು ಮನೆಗೆ ತಂದರು. ಮೋತಿ ಎಂದು ಹೆಸರಿಟ್ಟರು. ದಸರೆ ಬರುವಷ್ಟರಲ್ಲಿ ಮೋತಿಯ ಮುಂಗಾಲುಗಳು ಬಿಲ್ಲಿನಂತೆ ಬಾಗಿ, ನಡೆಯುವಾಗ ಪಂಜಗಳು ಚಪ್ಪಟೆಯಾಗಿ ನೆಲಕ್ಕೆ ಹರಡಿಕೊಳ್ಳತೊಡಗಿದವು. ಹೊಟ್ಟೆಗೆ ಕಡಿಮೆಯಾಗಿತ್ತೇ ಎಂದರೆ ಇಲ್ಲ. ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಸಂಜೆ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದ ನಾಯಿ ಆಹಾರದ ಒಣ ಕಾಳು. ಮನೆಯವರು ತಾವು ಉಣ್ಣುವ ಮುಂಚೆ ಅದಕ್ಕೆ ಹಾಕುತ್ತಿದ್ದರು. ಪಶುವೈದ್ಯರು ಎಕ್ಸ್‌ರೇ ನೋಡಿದರು, ಮೂಳೆಯಲ್ಲಿ ಸುಣ್ಣದ ಅಂಶ ಸಾಲದು ಎಂದರು, ಆಮೇಲೆ ಕೇಳಿದರು: ‘ಆ ಕಾಳಿನ ಚೀಲದ ಫೋಟೊ ಇದೆಯೇ?’

ಕಾಕಾ ಬಳಿ ಇದ್ದದ್ದು ಬಾಯಿಗೆ ಗಂಟು ಹಾಕಿದ ಒಂದು ಬಿಳಿ ಪ್ಲಾಸ್ಟಿಕ್ ಚೀಲ. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

ಮರುದಿನ ಅವರ ಜೊತೆ ನಾನೂ ಅಂಗಡಿಗೆ ಹೋದೆ. ಇಪ್ಪತ್ತು ಕಿಲೋದ ದೊಡ್ಡ ಚೀಲ, ಬಾಯಿ ತೆರೆದುಕೊಂಡು ಗೋಡೆಗೆ ಒರಗಿ ನಿಂತಿತ್ತು. ಒಳಗೆ ಅಳೆಯುವ ಡಬ್ಬಿ. ‘ಒಮ್ಮೆ ಹಿಂದೆ ತಿರುಗಿಸಿ ತೋರಿಸುತ್ತೀರಾ?’ ಎಂದೆ. ‘ಎಲ್ಲ ನಾಯಿಗೂ ಇದೇ ಮೇಡಂ, ದಿನಾ ಒಯ್ಯುತ್ತಾರೆ’ ಎಂದು ಅಂಗಡಿಯವರು ತಿರುಗಿಸಿದರು. ಹೊಲಿಗೆಯ ಹತ್ತಿರ, ಬೆರಳಿನಿಂದ ಧೂಳು ಒರೆಸಿದ ಮೇಲೆ ಕಂಡ ಸಾಲು ಇದು: ಈ ಆಹಾರ ‘ಅಡಲ್ಟ್ ಮೇಂಟೆನೆನ್ಸ್’ಗೆ ಪೂರ್ಣ ಮತ್ತು ಸಮತೋಲಿತ. ಅಂದರೆ ಬೆಳೆದು ನಿಂತ ನಾಯಿಯ ಮೈ ಕಾಪಾಡಿಕೊಳ್ಳಲು. ನಾಲ್ಕು ತಿಂಗಳಲ್ಲಿ ಐದಾರು ಪಟ್ಟು ಬೆಳೆಯುವ ಮರಿಗೆ ಅಲ್ಲ. ಮುಂಬದಿಯ ಚಿತ್ರದಲ್ಲಿ ಹುಲ್ಲಿನ ಮೇಲೆ ಓಡುವ ನಾಯಿಯಿತ್ತು, ಕೆಂಪು ಮಾಂಸದ ತುಂಡುಗಳಿದ್ದವು, ಕ್ಯಾರೆಟ್ ಇತ್ತು. ಮೋತಿಗೆ ಬೇಕಾಗಿದ್ದ ಮಾತು ಇದ್ದದ್ದು ಹಿಂಬದಿಯ ಆ ಒಂದೇ ಸಾಲಿನಲ್ಲಿ.

ಲೇಬಲ್ ಎಂದರೆ ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವುದು ಪ್ರೋಟೀನ್ ಶೇಕಡಾವಾರು. ನಾನು ಹೇಳುವುದು, ಅದಕ್ಕೂ ಮೊದಲು ಈ ಸಾಲನ್ನು ಹುಡುಕಿ. ‘ಕಂಪ್ಲೀಟ್ ಆಂಡ್ ಬ್ಯಾಲೆನ್ಸ್ಡ್’ ಎಂಬ ಎರಡು ಪದಗಳಿಗೆ ಇಲ್ಲಿ ಗಟ್ಟಿಯಾದ ಅರ್ಥವಿದೆ. ಪೂರ್ಣ ಎಂದರೆ ಆ ಪ್ರಾಣಿಗೆ ಆ ವಯಸ್ಸಿನಲ್ಲಿ ಬೇಕಾದ ಎಲ್ಲ ಪೋಷಕಾಂಶಗಳೂ ಅದರಲ್ಲಿವೆ. ಬೇರೇನೂ ಹಾಕದೆ ನೀರು ಕೊಟ್ಟರೆ ಸಾಕು. ಸಮತೋಲಿತ ಎಂದರೆ ಅವು ಒಂದಕ್ಕೊಂದು ಸರಿಯಾದ ಪ್ರಮಾಣದಲ್ಲಿವೆ. ಸಾಲು ಇಲ್ಲಿಗೇ ನಿಂತಿದ್ದರೆ ಅದು ಅರ್ಧ ಸಾಲು. ಯಾರಿಗೆ ಎಂಬುದು ಮುಂದೆ ಇರಬೇಕು: ಬೆಳವಣಿಗೆ ಮತ್ತು ಸಂತಾನಕ್ಕೋ, ಬೆಳೆದ ಪ್ರಾಣಿಗೋ, ಅಥವಾ ‘ಆಲ್ ಲೈಫ್ ಸ್ಟೇಜಸ್’ ಎಂದು ಎಲ್ಲ ವಯಸ್ಸಿಗೂ ಒಗ್ಗುವಂಥದ್ದೋ. ಇನ್ನೊಂದು ಬಗೆಯ ಸಾಲೂ ಇದೆ: ‘ಇಂಟರ್ಮಿಟೆಂಟ್ ಆರ್ ಸಪ್ಲಿಮೆಂಟಲ್ ಫೀಡಿಂಗ್’. ಆಗೊಮ್ಮೆ ಈಗೊಮ್ಮೆ ಕೊಡಲು ಮಾತ್ರ, ದಿನದ ಊಟವಾಗಿ ಅಲ್ಲ ಎಂದು ಅದರ ಅರ್ಥ. ಬಹುಪಾಲು ಬಿಸ್ಕತ್ತು, ಅಗಿಯುವ ಕಡ್ಡಿಗಳು ಈ ಗುಂಪಿನವು. ಮಾಂಸದ ರಸದ ಕೆಲವು ಪೌಚ್‌ಗಳೂ ಹಾಗೆಯೇ. ಬೆಕ್ಕು ಇಷ್ಟಪಡುತ್ತದೆ ಎಂದು ಅಂಥ ಪೌಚನ್ನೇ ಎರಡು ಹೊತ್ತೂ ಕೊಡುವ ಮನೆಗಳನ್ನು ನಾನು ನೋಡಿದ್ದೇನೆ.

ಈ ಸಾಲಿನ ಹಿಂದೆ ಇರುವುದು ಹೆಚ್ಚಾಗಿ ಅಮೆರಿಕದ ‘ಆಫ್ಕೊ’ ಎಂಬ ಸಂಘದ ಪಟ್ಟಿ. ಅಸೋಸಿಯೇಷನ್ ಆಫ್ ಅಮೆರಿಕನ್ ಫೀಡ್ ಕಂಟ್ರೋಲ್ ಆಫಿಷಿಯಲ್ಸ್ ಎಂಬುದು ಅದರ ಪೂರ್ತಿ ಹೆಸರು, 1909ರಿಂದ ಇದೆ. ಅಲ್ಲಿನ ರಾಜ್ಯಗಳ ಪಶು ಆಹಾರ ನಿಯಂತ್ರಣ ಅಧಿಕಾರಿಗಳು ಸೇರಿ ನಡೆಸುವ ಈ ಸಂಘ ಯಾವ ಆಹಾರವನ್ನೂ ಪರೀಕ್ಷಿಸುವುದಿಲ್ಲ, ಯಾವುದಕ್ಕೂ ಒಪ್ಪಿಗೆಯ ಮುದ್ರೆ ಒತ್ತುವುದಿಲ್ಲ. ಪೋಷಕಾಂಶಗಳ ಕನಿಷ್ಠ ಮಟ್ಟ, ಕೆಲವಕ್ಕೆ ಗರಿಷ್ಠ ಮಟ್ಟ, ಇಷ್ಟನ್ನು ಬರೆದು ಪ್ರಕಟಿಸುತ್ತದೆ. ಹಾಗಾಗಿ ‘ಆಫ್ಕೊ ಅನುಮೋದಿತ’ ಎಂದು ಯಾರಾದರೂ ಮಾರಿದರೆ ಆ ಮಾತೇ ತಪ್ಪು. ಯುರೋಪಿನ ಕೆಲವು ಚೀಲಗಳಲ್ಲಿ ‘ಫೆಡಿಯಾಫ್’ ಎಂದಿರುತ್ತದೆ. ಅದು ಅಲ್ಲಿನ ಸಾಕುಪ್ರಾಣಿ ಆಹಾರ ಉದ್ಯಮದ ಒಕ್ಕೂಟ, ಅದರದೂ ಇಂಥದೇ ಮಾರ್ಗಸೂಚಿ.

ಕಂಪನಿಯೊಂದು ಈ ಸಾಲನ್ನು ಎರಡು ದಾರಿಯಲ್ಲಿ ಪಡೆಯಬಹುದು. ಒಂದು, ಪಟ್ಟಿಯಲ್ಲಿರುವ ಅಂಕಿಗಳಿಗೆ ಹೊಂದುವಂತೆ ಪಾಕ ಸಿದ್ಧಪಡಿಸುವುದು. ಆಗ ‘ಫಾರ್ಮುಲೇಟೆಡ್ ಟು ಮೀಟ್’ ಎಂದು ಬರೆಯುತ್ತಾರೆ. ಇನ್ನೊಂದು, ನಿಜವಾದ ನಾಯಿಗಳಿಗೆ ತಿನ್ನಿಸಿ ನೋಡುವುದು. ಬೆಳೆದ ನಾಯಿಯ ಆಹಾರವಾದರೆ ಕನಿಷ್ಠ 8 ನಾಯಿಗಳಿಗೆ 26 ವಾರ ಅದೊಂದನ್ನೇ ಕೊಟ್ಟು, ತೂಕ ಮತ್ತು ರಕ್ತ ಪರೀಕ್ಷಿಸಿ, ಕನಿಷ್ಠ 6 ನಾಯಿಗಳು ಆ ಅವಧಿ ಮುಗಿಸಬೇಕು. ಕೇಳಿದಾಗ ಇದು ದೊಡ್ಡ ಪರೀಕ್ಷೆ ಎನಿಸುವುದಿಲ್ಲ, ನಿಜ. ಆದರೂ ಕಾಗದದ ಮೇಲಿನ ಲೆಕ್ಕ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆಯೇ ಎಂಬುದನ್ನು ಇದು ಸ್ವಲ್ಪಮಟ್ಟಿಗೆ ತೋರಿಸುತ್ತದೆ. ಮೊದಲ ದಾರಿ ಅದನ್ನೂ ತೋರಿಸುವುದಿಲ್ಲ.

ನಮ್ಮ ದೇಶದ ನಿಯಮ ಏನು ಎಂದು ಕೇಳುವವರಿದ್ದಾರೆ. ನಾವು ತಿನ್ನುವ ಬಿಸ್ಕತ್ತಿನ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ ಧೈರ್ಯ ಪಡುತ್ತೇವಲ್ಲ, ಆ ಧೈರ್ಯ ಇಲ್ಲಿಗೆ ಬರುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಮನುಷ್ಯರ ಆಹಾರಕ್ಕೆ ಸಂಬಂಧಿಸಿದ್ದು. ಆಹಾರ ಎಂದರೇನು ಎಂದು ಹೇಳುವ ಕಲಮಿನಲ್ಲೇ ಪಶು ಆಹಾರವನ್ನು ಹೊರಗಿಟ್ಟಿದೆ. ಭಾರತೀಯ ಮಾನಕ ಬ್ಯೂರೊ ಸಾಕುಪ್ರಾಣಿ ಆಹಾರಕ್ಕೆಂದೇ ಐಎಸ್ 11968 ಎಂಬ ಮಾನದಂಡ ಮಾಡಿದೆ. ಕಡ್ಡಾಯವಾಗಿ ಎಲ್ಲ ಪೊಟ್ಟಣಗಳ ಮೇಲೂ ಇರಲೇಬೇಕಾದದ್ದು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರದ ವಿವರಗಳು: ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಒಂದು ಸಂಖ್ಯೆ. ಇವು ಗಿರಾಕಿಯ ಹಕ್ಕನ್ನು ಕಾಯುತ್ತವೆ. ನಾಯಿಯ ಮೂಳೆಯನ್ನು ಕಾಯಲು ನಾವೇ ಓದಬೇಕು.

ಈಗ ಮೂಳೆಯ ವಿಷಯಕ್ಕೆ ಬರೋಣ. ಆಫ್ಕೊ ಪಟ್ಟಿಯಲ್ಲಿ ಬೆಳೆದ ನಾಯಿಯ ಆಹಾರದ ಒಣ ಅಂಶದಲ್ಲಿ, ಅಂದರೆ ನೀರು ತೆಗೆದ ಮೇಲೆ ಉಳಿಯುವುದರಲ್ಲಿ, ಕ್ಯಾಲ್ಸಿಯಂ ಕನಿಷ್ಠ ಶೇ 0.5 ಇದ್ದರೆ ಸಾಕು. ಬೆಳೆಯುವ ಮರಿಗೆ ಅದೇ ಶೇ 1.2 ಬೇಕು. ಎರಡು ಪಟ್ಟಿಗಿಂತ ಹೆಚ್ಚು. ಜೊತೆಗೆ ರಂಜಕ, ಅಂದರೆ ಫಾಸ್ಫರಸ್, ಕ್ಯಾಲ್ಸಿಯಂಗಿಂತ ಹೆಚ್ಚಿರಬಾರದು. ಅದು ಒಂದು ಪಾಲಾದರೆ ಕ್ಯಾಲ್ಸಿಯಂ ಒಂದರಿಂದ ಎರಡು ಪಾಲು ಇರಬೇಕು. ಇದೇ ಕಣ್ಣಿನಿಂದ ನಮ್ಮ ಜೋಳವನ್ನು ನೋಡಿ. ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 25ರಿಂದ 30 ಮಿಲಿಗ್ರಾಂ, ರಂಜಕ 200 ಮಿಲಿಗ್ರಾಂಗೂ ಮೇಲೆ. ತಕ್ಕಡಿ ಪೂರ್ತಿ ತಲೆಕೆಳಗು. ಮರಿಯ ಆಹಾರದ ನೂರು ಗ್ರಾಂ ಒಣ ಅಂಶದಲ್ಲಿ ಇರಬೇಕಾದದ್ದು 1,200 ಮಿಲಿಗ್ರಾಂ ಕ್ಯಾಲ್ಸಿಯಂ. ಹಾಲು ಹಾಕುತ್ತೇವಲ್ಲ ಎಂದರೆ, ನೂರು ಮಿಲಿಲೀಟರ್ ಹಾಲಿನಲ್ಲಿ ಇರುವುದು ಸುಮಾರು 120 ಮಿಲಿಗ್ರಾಂ. ರೊಟ್ಟಿಯ ಕೊರತೆಯನ್ನು ಒಂದು ಬಟ್ಟಲು ಹಾಲು ತುಂಬಲಾರದು. ಬರೀ ಮಾಂಸ ಹಾಕುವವರೂ ಗೆದ್ದಿಲ್ಲ. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಹೆಸರಿಗಷ್ಟೇ ಇರುತ್ತದೆ, ರಂಜಕ ಮಾತ್ರ ಧಾರಾಳ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ದೇಹ ಸುಮ್ಮನಿರುವುದಿಲ್ಲ. ಅದನ್ನು ಮೂಳೆಯಿಂದ ಕಿತ್ತು ತರುತ್ತದೆ. ಮೋತಿಯ ಕಾಲಿನಲ್ಲಿ ಆದದ್ದು ಇದು.

ರೊಟ್ಟಿಯನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ನಮ್ಮ ಹೊಲಗಳನ್ನು, ದೊಡ್ಡಿಗಳನ್ನು ಕಾಯುವ ನಾಯಿಗಳು ತಲೆಮಾರುಗಳಿಂದ ರೊಟ್ಟಿ ತಿಂದೇ ಬದುಕಿವೆ. ಆದರೆ ಅವು ರೊಟ್ಟಿಯ ಜೊತೆ ಹೊಲದ ಇಲಿಯನ್ನೂ, ಸತ್ತ ದನದ ಮೂಳೆಯನ್ನೂ ತಿನ್ನುತ್ತವೆ. ಮೂರನೇ ಮಹಡಿಯಲ್ಲಿ ಸರಪಳಿಗೆ ಕಟ್ಟಿದ ನಾಯಿಗೆ ನಾವು ಹಾಕಿದ್ದೇ ಊಟ, ಬೇರೆ ದಾರಿಯಿಲ್ಲ.

ಇಷ್ಟು ಕೇಳಿದ ಕಾಕಾ ಔಷಧಿ ಅಂಗಡಿಯಿಂದ ಎರಡು ಬಾಟಲಿ ಕ್ಯಾಲ್ಸಿಯಂ ಟಾನಿಕ್ ತರಲು ಹೊರಟರು. ವೈದ್ಯರು ತಡೆದರು, ಒಳ್ಳೆಯದೇ ಆಯಿತು. ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಅತಿಯಾದರೂ ಮೂಳೆ ಕೆಡುತ್ತದೆ. ಬೆಳೆದ ನಾಯಿಯ ಕರುಳು ಬೇಕಾದಷ್ಟನ್ನು ಹೀರಿ ಉಳಿದದ್ದನ್ನು ಬಿಡುತ್ತದೆ. ಎಳೆ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ 1980ರ ದಶಕದಲ್ಲಿ ನಡೆದ ಅಧ್ಯಯನಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಹಾಗಾಗಿಯೇ ಆಫ್ಕೊ ಪಟ್ಟಿಯಲ್ಲಿ ಸಾಮಾನ್ಯ ಗರಿಷ್ಠ ಮಿತಿ ಶೇ 2.5 ಇದ್ದರೆ, ದೊಡ್ಡ ಜಾತಿಯ ಮರಿಗಳಿಗೆ ಶೇ 1.8ಕ್ಕೆ ನಿಲ್ಲಿಸಿದ್ದಾರೆ. ಬೆಳೆದ ಮೇಲೆ ಸುಮಾರು 32 ಕಿಲೋ ಅಥವಾ ಹೆಚ್ಚು ತೂಗುವ ನಾಯಿಗಳು ಈ ಲೆಕ್ಕಕ್ಕೆ ಬರುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಮರಿ ಮನೆಯಲ್ಲಿದ್ದರೆ ಚೀಲದ ಮೇಲೆ ದೊಡ್ಡ ಗಾತ್ರದ ನಾಯಿಗಳ ಬೆಳವಣಿಗೆಯೂ ಸೇರಿದೆ ಎಂಬ ಮಾತು ಇದೆಯೇ ನೋಡಿ. ಪೂರ್ಣ ಆಹಾರ ಕೊಡುತ್ತಿರುವಾಗ ವೈದ್ಯರು ಹೇಳದೆ ಟಾನಿಕ್ ಸೇರಿಸಬೇಡಿ.

ಇನ್ನು ಶೇಕಡಾವಾರಿನ ಪೆಟ್ಟಿಗೆ. ‘ಗ್ಯಾರಂಟೀಡ್ ಅನಾಲಿಸಿಸ್’ ಎಂಬ ತಲೆಬರಹದ ಕೆಳಗೆ ಸಾಮಾನ್ಯವಾಗಿ ನಾಲ್ಕು ಅಂಕಿ ಇರುತ್ತವೆ: ಕ್ರೂಡ್ ಪ್ರೋಟೀನ್ ಕನಿಷ್ಠ ಇಷ್ಟು, ಕೊಬ್ಬು ಕನಿಷ್ಠ ಇಷ್ಟು, ನಾರು ಗರಿಷ್ಠ ಇಷ್ಟು, ತೇವಾಂಶ ಗರಿಷ್ಠ ಇಷ್ಟು. ಇವು ಕನಿಷ್ಠ, ಗರಿಷ್ಠ ಎಂಬ ಗೆರೆಗಳು. ಚೀಲದೊಳಗೆ ನಿಖರವಾಗಿ ಎಷ್ಟಿದೆ ಎಂಬ ಲೆಕ್ಕವಲ್ಲ.

ತೇವಾಂಶದ ಮಾತು ಕಲಬುರಗಿ ಕಡೆಯವರಿಗೆ ಬೇಗ ತಿಳಿಯುತ್ತದೆ. ಖರೀದಿ ಕೇಂದ್ರಕ್ಕೆ ತೊಗರಿ ಒಯ್ದವರಿಗೆ ಗೊತ್ತು, ಅಲ್ಲಿ ಮೊದಲು ಯಂತ್ರಕ್ಕೆ ಹಾಕಿ ತೇವ ನೋಡುತ್ತಾರೆ. ಶೇ 12 ದಾಟಿದರೆ ಚೀಲ ವಾಪಸ್, ಒಣಗಿಸಿ ತನ್ನಿ ಎನ್ನುತ್ತಾರೆ. ನೀರಿನ ತೂಕಕ್ಕೆ ಬೇಳೆಯ ದುಡ್ಡು ಕೊಡಲು ಯಾರೂ ಒಪ್ಪುವುದಿಲ್ಲ. ನಾಯಿಯ ಆಹಾರಕ್ಕೂ ಇದೇ ನ್ಯಾಯ. ಒಣ ಕಾಳಿನ ಚೀಲದ ಮೇಲೆ ಪ್ರೋಟೀನ್ ಶೇ 20, ತೇವಾಂಶ ಶೇ 10 ಎಂದಿದೆ. ಪಕ್ಕದಲ್ಲಿ ಒಂದು ಪೌಚ್, ಪ್ರೋಟೀನ್ ಶೇ 8, ತೇವಾಂಶ ಶೇ 82. ನೋಡಿದರೆ ಕಾಳಿನಲ್ಲೇ ಪ್ರೋಟೀನ್ ಹೆಚ್ಚು. ಎರಡರಲ್ಲೂ ನೀರನ್ನು ತೆಗೆದು ನೋಡಿ. ಕಾಳಿನ ನೂರು ಗ್ರಾಂನಲ್ಲಿ 10 ಗ್ರಾಂ ನೀರು ಹೋದರೆ ಉಳಿಯುವ ಒಣ ಅಂಶ 90. ಅದರಲ್ಲಿ 20 ಗ್ರಾಂ ಪ್ರೋಟೀನ್, ಅಂದರೆ ಶೇ 22.2. ಪೌಚ್‌ನಲ್ಲಿ ಒಣ ಅಂಶ 18 ಗ್ರಾಂ ಮಾತ್ರ, ಅದರಲ್ಲಿ 8 ಗ್ರಾಂ ಪ್ರೋಟೀನ್, ಅಂದರೆ ಶೇ 44.4. ಪೌಚ್ ಎರಡು ಪಟ್ಟು ಗಟ್ಟಿ. ಲೆಕ್ಕ ಇಷ್ಟೇ: ನೂರರಿಂದ ತೇವಾಂಶ ಕಳೆಯಿರಿ, ಬಂದದ್ದರಿಂದ ಪ್ರೋಟೀನ್ ಅಂಕಿಯನ್ನು ಭಾಗಿಸಿ, ನೂರರಿಂದ ಗುಣಿಸಿ.

ಮಾನದಂಡದ ಪಟ್ಟಿಗಳಲ್ಲಿ ಇರುವ ಅಂಕಿಗಳೆಲ್ಲ ಹೀಗೆ ನೀರು ತೆಗೆದ ಮೇಲಿನವು. ಬೆಳೆದ ನಾಯಿಗೆ ಪ್ರೋಟೀನ್ ಕನಿಷ್ಠ ಶೇ 18, ಕೊಬ್ಬು ಶೇ 5.5. ಮರಿಗೆ ಮತ್ತು ಗಬ್ಬದ ನಾಯಿಗೆ ಶೇ 22.5 ಮತ್ತು ಶೇ 8.5. ಬೆಳೆದ ಬೆಕ್ಕಿಗೆ ಪ್ರೋಟೀನ್ ಶೇ 26, ಮರಿ ಬೆಕ್ಕಿಗೆ ಶೇ 30. ಮೇಲಿನ ಕಾಳಿನ ಶೇ 22.2 ಬೆಳೆದ ನಾಯಿಗೆ ಸಾಕಷ್ಟಾಯಿತು; ನಾಯಿಮರಿಗೆ ಕೂದಲೆಳೆಯಷ್ಟು ಕಡಿಮೆ, ಬೆಕ್ಕಿಗಂತೂ ದೂರವೇ ಉಳಿಯಿತು. ಅದೇ ಅಂಕಿ, ಮೂರು ಉತ್ತರ.

ಆ ‘ಕ್ರೂಡ್’ ಎಂಬ ಪದವನ್ನು ಸುಮ್ಮನೆ ದಾಟಬಾರದು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಅದರಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ, ಪ್ರೋಟೀನಿನಲ್ಲಿ ಸರಾಸರಿ ಶೇ 16 ಸಾರಜನಕ ಇರುತ್ತದೆ ಎಂಬ ಅಂದಾಜು ಇದರ ಹಿಂದಿದೆ. ಈ ವಿಧಾನವನ್ನು 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ರೂಪಿಸಿದರು. ಒಳ್ಳೆಯ ವಿಧಾನವೇ. ಆದರೆ ಸಾರಜನಕ ಎಲ್ಲಿಂದ ಬಂತು ಎಂದು ಅದು ಕೇಳುವುದಿಲ್ಲ. ಯೂರಿಯಾ ಚೀಲದ ಮೇಲೆ ಸಾರಜನಕ ಶೇ 46 ಎಂದಿರುವುದನ್ನು ರೈತರೆಲ್ಲ ನೋಡಿದ್ದಾರೆ. ಅದನ್ನೇ 6.25ರಿಂದ ಗುಣಿಸಿದರೆ ಯೂರಿಯಾದ ‘ಕ್ರೂಡ್ ಪ್ರೋಟೀನ್’ ಶೇ 287 ದಾಟುತ್ತದೆ! ಯೂರಿಯಾದಲ್ಲಿ ಒಂದು ಕಣ ಪ್ರೋಟೀನೂ ಇಲ್ಲ.

ಇದು ಪುಸ್ತಕದ ಉದಾಹರಣೆ ಮಾತ್ರವಲ್ಲ. 2007ರ ಮಾರ್ಚ್‌ನಲ್ಲಿ ಉತ್ತರ ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಅಲ್ಲಿಯವರೆಗೆ ಕಂಡಿರದಷ್ಟು ದೊಡ್ಡ ಪ್ರಮಾಣದಲ್ಲಿ ಆಹಾರವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬೇಕಾಯಿತು. ಚೀನಾದಿಂದ ತರಿಸಿದ ಗೋಧಿಯ ಪ್ರೋಟೀನ್ ಹಿಟ್ಟಿನಲ್ಲಿ ಮೆಲಮೈನ್ ಬೆರೆಸಿದ್ದರು. ಪ್ಲಾಸ್ಟಿಕ್ ತಟ್ಟೆಗಳ ತಯಾರಿಕೆಗೆ ಬಳಸುವ ವಸ್ತು ಅದು, ತೂಕದ ಮೂರನೇ ಎರಡು ಭಾಗ ಸಾರಜನಕ. ಚಿಟಿಕೆ ಬೆರೆಸಿದರೆ ಸಾಕು, ಪ್ರಯೋಗಾಲಯದ ವರದಿಯಲ್ಲಿ ಪ್ರೋಟೀನ್ ಏರುತ್ತದೆ. ಮರುವರ್ಷ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಯಲ್ಲೂ ಅದೇ ವಿಷ ಸಿಕ್ಕಿತು.

ಮೋಸವಿಲ್ಲದ ಚೀಲದಲ್ಲೂ ಈ ಅಂಕಿ ಜೀರ್ಣವಾಗುವ ಪ್ರೋಟೀನ್ ಎಷ್ಟು ಎಂದು ಹೇಳುವುದಿಲ್ಲ. ಮೊಟ್ಟೆಯೂ ಪ್ರೋಟೀನ್, ಕೋಳಿಯ ಪುಕ್ಕವೂ ಪ್ರೋಟೀನ್, ಚಪ್ಪಲಿಯ ತೊಗಲೂ ಪ್ರೋಟೀನ್. ಹೀಗಿರುವಾಗ ಶೇ 24 ಇರುವ ಚೀಲ ಶೇ 22 ಇರುವುದಕ್ಕಿಂತ ಒಳ್ಳೆಯದೇ ಎಂದು ತೀರ್ಮಾನಿಸುವುದು ಅವಸರದ ಕೆಲಸ. ತಯಾರಕರ ಸಂಖ್ಯೆಗೆ ಕರೆ ಮಾಡಿ, ನಿಮ್ಮ ಪಾಕ ರೂಪಿಸುವವರು ಪಶು ಪೋಷಣೆ ಓದಿದವರೇ, ಪ್ರತಿ ಬ್ಯಾಚಿನ ಆಹಾರವನ್ನೂ ಪರೀಕ್ಷಿಸುತ್ತೀರಾ ಎಂದು ಕೇಳಿ ನೋಡಿ. ಉತ್ತರ ಕೊಡುವ ರೀತಿಯೇ ಬಹಳಷ್ಟು ಹೇಳುತ್ತದೆ.

ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ರೂಢಿ. ಇಲ್ಲಿಯೂ ನೀರಿನ ತೂಕ ಸೇರಿರುತ್ತದೆ. ಹಸಿ ಕೋಳಿಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಆದ್ದರಿಂದ ‘ಚಿಕನ್’ ಮೊದಲು ಬಂದರೂ ಒಣಗಿದ ಮೇಲೆ ಅದು ಪಟ್ಟಿಯಲ್ಲಿ ಎಷ್ಟೋ ಕೆಳಗೆ ಇಳಿಯಬಹುದು. ‘ಚಿಕನ್ ಮೀಲ್’ ಎಂದರೆ ಆಗಲೇ ನೀರು ಮತ್ತು ಕೊಬ್ಬು ತೆಗೆದು ಒಣಗಿಸಿದ ಪುಡಿ. ಹೆಸರು ಸಪ್ಪೆ, ಪ್ರೋಟೀನ್ ಹೆಚ್ಚು. ಒಂದೇ ಧಾನ್ಯವನ್ನು ಜೋಳ, ಜೋಳದ ತೌಡು, ಜೋಳದ ಹಿಟ್ಟು ಎಂದು ಮೂರು ಹೆಸರಿನಲ್ಲಿ ಒಡೆದು ಬರೆದರೆ ಮೂರೂ ಕೆಳಗೆ ಸರಿಯುತ್ತವೆ, ಮಾಂಸ ಮೇಲೆ ಕಾಣುತ್ತದೆ. ಪಿತ್ತಜನಕಾಂಗ, ಗುಂಡಿಗೆ, ಬೋಟಿಯಂಥ ಒಳಾಂಗಗಳನ್ನು ‘ಬೈ ಪ್ರಾಡಕ್ಟ್’ ಎಂದು ಬರೆದಿರುವುದನ್ನು ಕಂಡು ಕೆಲವರು ಮುಖ ಸಿಂಡರಿಸುತ್ತಾರೆ. ನಾಯಿಗೆ ಅವು ಪೌಷ್ಟಿಕ ಆಹಾರವೇ.

ಮುಂಬದಿಯ ಹೆಸರಿನಲ್ಲೂ ಲೆಕ್ಕವಿದೆ. ಅಮೆರಿಕದ ನಿಯಮದಂತೆ ‘ವಿತ್ ಚಿಕನ್’ ಎಂದು ಬರೆಯಲು ಶೇ 3 ಕೋಳಿ ಸಾಕು. ‘ಡಿನ್ನರ್’ ಎಂಬಂಥ ಪದ ಸೇರಿಸಿದರೆ ಶೇ 25 ಬೇಕು. ‘ಚಿಕನ್ ಫ್ಲೇವರ್’ ಎಂದರೆ ರುಚಿ ಗುರುತಾಗುವಷ್ಟಿದ್ದರೆ ಆಯಿತು. ‘ಪ್ರೀಮಿಯಂ’, ‘ಹೋಲಿಸ್ಟಿಕ್’ ಎಂಬ ಪದಗಳಿಗೆ ನಿಯಮದಲ್ಲಿ ಅರ್ಥವೇ ಇಲ್ಲ. ಅವುಗಳಿಗಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಬೆಕ್ಕಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆ ಇದರಲ್ಲಿ ತಪ್ಪು ಹೆಚ್ಚು ನಡೆಯುತ್ತದೆ. ಯಾದಗಿರಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ನಾಯಿಯೂ ಇದೆ, ಬೆಕ್ಕೂ ಇದೆ. ಒಂದೇ ಚೀಲದ ಕಾಳನ್ನು ಎರಡಕ್ಕೂ ಹಾಕುತ್ತಿದ್ದಳು. ‘ಅಕ್ಕ, ಎರಡೂ ಮಾಂಸ ತಿನ್ನುವ ಪ್ರಾಣಿಗಳೇ ಅಲ್ಲವೇ?’ ಎಂದು ಕೇಳಿದಳು. ನಾಯಿ ಮನುಷ್ಯನ ಜೊತೆ ಬಾಳಿ ಗಂಜಿಯನ್ನೂ ಅರಗಿಸಿಕೊಳ್ಳಲು ಕಲಿತ ಪ್ರಾಣಿ. ಬೆಕ್ಕು ಹಾಗಲ್ಲ, ಇವತ್ತಿಗೂ ಅದು ಬೇಟೆಯ ಪ್ರಾಣಿ. ಟಾರಿನ್ ಎಂಬ ಅಂಶವನ್ನು ನಾಯಿ ತನ್ನ ದೇಹದಲ್ಲೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಬೇಕಾದಷ್ಟು ತಯಾರಿಸಿಕೊಳ್ಳಲು ಆಗುವುದಿಲ್ಲ, ಆಹಾರದಿಂದಲೇ ಬರಬೇಕು. ಅದು ಕಡಿಮೆಯಾದರೆ ಕಣ್ಣಿನ ಪರದೆ ಸವೆಯುತ್ತದೆ, ಹೃದಯದ ಸ್ನಾಯು ಸಡಿಲಾಗಿ ಹಿಗ್ಗುತ್ತದೆ. ಹೃದಯದ ಈ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ನಂಟನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯ ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದರು. ಕಂಪನಿಯ ಆಹಾರ ತಿನ್ನುತ್ತಿದ್ದ ಬೆಕ್ಕುಗಳಲ್ಲೇ ಅದು ಕಂಡುಬಂದಿತ್ತು; ಆಮೇಲೆ ತಯಾರಕರು ಟಾರಿನ್ ಪ್ರಮಾಣ ಹೆಚ್ಚಿಸಿದರು. ಈಗ ಆಫ್ಕೊ ಪಟ್ಟಿಯಲ್ಲಿ ಒಣ ಕಾಳಿಗೆ ಶೇ 0.1, ಡಬ್ಬಿಯ ಆಹಾರಕ್ಕೆ ಶೇ 0.2 ಟಾರಿನ್ ಇರಬೇಕು. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ.

ಮಾಂಸ ತರದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಕೇಳುವ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಪೂರ್ಣ ಮತ್ತು ಸಮತೋಲಿತ ಎಂಬ ಸಾಲು ಇರುವ ಸಸ್ಯಾಹಾರಿ ಕಾಳಿನ ಮೇಲೆ ಬೆಳೆದ ನಾಯಿ, ವೈದ್ಯರ ಕಣ್ಣಿನಡಿ ಚೆನ್ನಾಗಿ ಬಾಳಬಹುದು. ಬೆಕ್ಕನ್ನು ಹಾಲು ಅನ್ನದ ಮೇಲೆ ಸಾಕುತ್ತೇವೆ ಎಂದರೆ ಆ ಬೆಕ್ಕಿಗೆ ಅನ್ಯಾಯ. ಅದು ಹೊರಗೆ ಇಲಿ ಹಿಡಿದು ತಿಂದು ತನ್ನ ಪಾಡು ನೋಡಿಕೊಂಡರೆ ಸರಿ. ಕಿಟಕಿಗೆ ಜಾಳಿಗೆ ಹಾಕಿ ಒಳಗೇ ಇಟ್ಟುಕೊಂಡರೆ ಬೆಕ್ಕಿಗೆಂದೇ ತಯಾರಿಸಿದ ಆಹಾರ ಕೊಡಲೇಬೇಕು.

ಎಷ್ಟು ಹಾಕಬೇಕು? ಚೀಲದ ಮೇಲಿನ ಕೋಷ್ಟಕ ಒಂದು ಅಂದಾಜು. ಸರಿಯಾದ ಲೆಕ್ಕ ಬೇಕಾದರೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ನಮ್ಮ ಮನೆಯ ಕರಿಯ ಬೀದಿಯಿಂದ ಬಂದವನು, ಸಂತಾನಹರಣ ಆಗಿದೆ, ತೂಕ 15 ಕಿಲೋ. ತೂಕವನ್ನು ಮೂರು ಸಲ ಗುಣಿಸಿ, 15×15×15 ಎಂದರೆ 3,375. ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿದರೆ 7.62. ಅದನ್ನು 70ರಿಂದ ಗುಣಿಸಿದರೆ 533. ಸುಮ್ಮನೆ ಮಲಗಿದ್ದರೂ ಅವನಿಗೆ ದಿನಕ್ಕೆ ಬೇಕಾದ ಕಿಲೋಕ್ಯಾಲೊರಿ ಇದು. ಸಂತಾನಹರಣವಾದ ಬೆಳೆದ ನಾಯಿಗೆ ಇದರ 1.6 ಪಟ್ಟು, ಅಂದರೆ ಸುಮಾರು 850.

ಚೀಲದ ಮೇಲೆ ಕ್ಯಾಲೊರಿ ಬರೆದಿಲ್ಲವೇ? ಅಂದಾಜು ಮಾಡಬಹುದು. ಪ್ರೋಟೀನ್ 20, ಕೊಬ್ಬು 10, ನಾರು 5, ತೇವಾಂಶ 10, ಬೂದಿ ಅಂದರೆ ಖನಿಜಗಳು ಸುಮಾರು 8, ಕೂಡಿದರೆ 53. ಉಳಿದ 47 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟದ ಗ್ರಾಂಗಳನ್ನು 3.5ರಿಂದ, ಕೊಬ್ಬಿನದನ್ನು 8.5ರಿಂದ ಗುಣಿಸಿ ಕೂಡಿದರೆ ನೂರು ಗ್ರಾಂಗೆ ಸುಮಾರು 320. ಹಾಗಾದರೆ ಕರಿಯನಿಗೆ ದಿನಕ್ಕೆ 265 ಗ್ರಾಂ ಆಸುಪಾಸು. ನಾವು ಅದಕ್ಕೂ ಮೊದಲು ಹಾಕುತ್ತಿದ್ದ ಎರಡು ಸ್ಟೀಲ್ ಲೋಟವನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 390 ಗ್ರಾಂ ಬಂತು. ಅವನ ಪಕ್ಕೆಲುಬು ಕೈಗೆ ಸಿಗದಂತಾದದ್ದು ಏಕೆಂದು ಆಗ ತಿಳಿಯಿತು. ಬಿಸ್ಕತ್ತು, ರೊಟ್ಟಿಯ ಚೂರು ಕೊಡುವವರು ಅವನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ಮೀರದಿದ್ದರೆ ಸಮತೋಲನ ಕೆಡುವುದಿಲ್ಲ. ಪಲ್ಯ, ಸಾರು ಕಲಸಿದ ರೊಟ್ಟಿ ಮಾತ್ರ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತಕಣಗಳನ್ನು ಒಡೆಯುತ್ತವೆ.

ಕೊನೆಗೆ ಆ ಬಾಯಿ ತೆರೆದ ಚೀಲಕ್ಕೇ ಮರಳುತ್ತೇನೆ. ‘ಬೆಸ್ಟ್ ಬಿಫೋರ್’ ದಿನಾಂಕ ಮುಚ್ಚಿದ ಚೀಲಕ್ಕೆ, ತಂಪಾದ ಒಣ ಜಾಗದಲ್ಲಿ ಇಟ್ಟರೆ ಎಂಬ ಕರಾರಿನ ಮೇಲೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ತಗಡಿನ ಮಾಡಿನ ಅಂಗಡಿಯೊಳಗೆ ಇನ್ನೂ ಹೆಚ್ಚು. ಕಾಳಿನ ಮೇಲೆ ಸಿಂಪಡಿಸಿದ ಕೊಬ್ಬು ಗಾಳಿಗೂ ಬಿಸಿಗೂ ಕಮಟು ಹಿಡಿಯುತ್ತದೆ. ಎ, ಇ ಜೀವಸತ್ವಗಳು ಕರಗುತ್ತಾ ಹೋಗುತ್ತವೆ. ಲೂಸ್ ಕೊಂಡವರಿಗೆ ಚೀಲ ಯಾವಾಗ ತೆರೆದದ್ದು ಎಂದೂ ಗೊತ್ತಿಲ್ಲ, ಯಾರಿಗೆ ತಯಾರಿಸಿದ್ದು ಎಂದೂ ಗೊತ್ತಿಲ್ಲ, ಪ್ರಾಣಿಗೆ ಕಾಯಿಲೆಯಾದರೆ ಯಾವ ಬ್ಯಾಚ್ ಎಂದು ಹೇಳಲು ಪುರಾವೆಯೂ ಇಲ್ಲ. ಕಿಲೋಗೆ ಇಪ್ಪತ್ತು, ಮೂವತ್ತು ರೂಪಾಯಿ ಹೆಚ್ಚಾದರೂ ಒಂದೂವರೆ ತಿಂಗಳಲ್ಲಿ ಮುಗಿಯುವಂಥ ಮುಚ್ಚಿದ ಚೀಲವನ್ನೇ ತನ್ನಿ. ಡಬ್ಬಿಗೆ ಸುರಿಯುವ ಬದಲು ಚೀಲವನ್ನೇ ಡಬ್ಬಿಯೊಳಗೆ ಇಟ್ಟು ಬಾಯಿ ಮಡಚಿ. ಬೇರೆ ಆಹಾರಕ್ಕೆ ಬದಲಾಯಿಸುವುದಾದರೆ ವಾರ, ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತಾ ಹೋಗಿ, ಇಲ್ಲವಾದರೆ ಭೇದಿಯಾಗುತ್ತದೆ. ಲೇಬಲ್ ಅರ್ಥವಾಗದಿದ್ದರೆ ಅದರ ಫೋಟೊ ತೆಗೆದು ಪಶುವೈದ್ಯರಿಗೆ ತೋರಿಸಿ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ನಮ್ಮ ಬೀದರ್‌ನಲ್ಲಿದೆ, ಪಶು ಪೋಷಣೆ ಓದಿದವರು ನಮಗೆ ದೂರದವರಲ್ಲ.

ಮೋತಿಗೆ ಈಗ ಒಂದು ವರ್ಷ ದಾಟಿದೆ. ದೊಡ್ಡ ಜಾತಿಯ ಮರಿಗಳ ಆಹಾರಕ್ಕೆ ಬದಲಾಯಿಸಿದ ಎರಡು ತಿಂಗಳಲ್ಲಿ ಎಡಗಾಲು ಬಹುಪಾಲು ನೆಟ್ಟಗಾಯಿತು. ಬಲಗಾಲಿನಲ್ಲಿ ಸಣ್ಣ ಬಾಗು ಉಳಿದುಕೊಂಡಿದೆ, ಅದು ಹೋಗುವುದಿಲ್ಲ ಎಂದಿದ್ದಾರೆ ವೈದ್ಯರು. ಕಾಕಾ ಹೊಸ ಚೀಲ ತಂದಾಗಲೆಲ್ಲ ಕತ್ತರಿಯಿಂದ ಹಿಂಬದಿಯ ಆ ಚೌಕವನ್ನು ಕತ್ತರಿಸಿ, ಬ್ಯಾಚ್ ಸಂಖ್ಯೆಯ ಕೆಳಗೆ ಚೀಲ ತೆರೆದ ತಾರೀಖನ್ನು ಪೆನ್ನಿನಿಂದ ಬರೆದು, ಡಬ್ಬಿಯ ಮುಚ್ಚಳಕ್ಕೆ ಅಂಟಿಸುತ್ತಾರೆ.